ಕೊಹಿಮಾ ಯುದ್ಧದ ಜಾಡಿನಲ್ಲಿ ಚಾರಣ: ಊರಿನವರ ಜೊತೆಗೇ ಹೋಗಿ

ನಾಗಾಲ್ಯಾಂಡ್‌ನ ರಾಜಧಾನಿ ಕೊಹಿಮಾ ಅಂದರೆ ಹೆಚ್ಚಿನ ಪ್ಯಾಕೇಜ್‌ಗಳದ್ದು ಒಂದೇ ಲೆಕ್ಕ. ವಾರ್ ಸಿಮೆಟ್ರಿಯಲ್ಲಿ (ಯುದ್ಧದಲ್ಲಿ ಸತ್ತ ಸೈನಿಕರ ಸಮಾಧಿಗಳ ಜಾಗ) ಅರ್ಧ ಗಂಟೆ, ನಾಲ್ಕು ಫೋಟೊ, ಆಮೇಲೆ ಸೀದಾ ಜೂಕೊ ಕಣಿವೆ. ಜೂಕೊ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಎರಡನೇ ಮಹಾಯುದ್ಧದ ಹೊತ್ತಿಗೆ, 1944ರಲ್ಲಿ, ಅಷ್ಟು ದೊಡ್ಡ ಕಾಳಗ ನಡೆದ ಬೆಟ್ಟಗಳನ್ನು ಕಾರಿನ ಕಿಟಕಿಯಿಂದ ನೋಡಿ ಬರುವುದಕ್ಕೆ ಬೆಂಗಳೂರಿನಿಂದ ಅಷ್ಟು ದೂರ ಯಾಕೆ ಹೋಗಬೇಕು ಅಲ್ವಾ?

ನಾವು ಒಂದಿಷ್ಟು ಗೆಳೆಯರು ಹೋಗಿದ್ದು ಕೊಹಿಮಾ ಹತ್ತಿರದ ಖೊನೋಮಾ, ಜೋತ್ಸೋಮಾ ಹಳ್ಳಿಗಳ ಕಡೆಯ ಹುಡುಗರು ಸೇರಿಕೊಂಡು ನಡೆಸುವ ಒಂದು ಸಣ್ಣ ತಂಡದ ಜೊತೆ. ಗೈಡ್, ಸಾಮಾನು ಹೊರುವವರು, ಅಡುಗೆಯವರು, ಮಲಗುವ ಮನೆ, ಎಲ್ಲಾ ಅಲ್ಲಿಯದೇ. ಆ್ಯಪ್ ಗೀಪ್ ಏನೂ ಇಲ್ಲ, ಫೋನ್ ಮಾಡಿಯೇ ಮಾತಾಡಬೇಕು. ಮೊದಲೇ ಹೇಳಿಬಿಡುತ್ತೇನೆ, ನನಗೆ ತುಂಬಾ ಹಿಡಿಸಿತು. ಕೊರತೆಗಳೂ ಇವೆ, ಅವೂ ಕೆಳಗಿವೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಕಥೆ. ಬರ್ಮಾದಿಂದ ಬೆಟ್ಟ ದಾಟಿ ಬಂದ ಜಪಾನಿನ 31ನೇ ಡಿವಿಜನ್, ಜನರಲ್ ಸಾಟೊ ಅದರ ಮುಖ್ಯಸ್ಥ, 1944ರ ಏಪ್ರಿಲ್ ಮೊದಲ ವಾರ ಕೊಹಿಮಾವನ್ನು ಮುತ್ತಿತು. ದಿಮಾಪುರದಿಂದ ಇಂಫಾಲಕ್ಕೆ ಹೋಗುವ ರಸ್ತೆ ಇದೇ ಬೆಟ್ಟದ ಸಾಲಿನ ಮೇಲೆ ಹಾದುಹೋಗುತ್ತದೆ. ಆ ರಸ್ತೆ ಕೈತಪ್ಪಿದರೆ ಇಂಫಾಲದಲ್ಲಿದ್ದ ಬ್ರಿಟಿಷ್ ಸೈನ್ಯಕ್ಕೆ ಸಾಮಾನು ಹೋಗುವುದಿಲ್ಲ. ಬ್ರಿಟಿಷ್ ಇಂಡಿಯನ್ ಸೈನ್ಯದ ಕಡೆ ಸುಮಾರು 2,500 ಜನ, ಅದರಲ್ಲಿ ಬಂದೂಕು ಹಿಡಿಯದವರೂ ಸೇರಿ, ಎರಡು ವಾರ ಆ ಗುಡ್ಡವನ್ನು ಕಚ್ಚಿ ಹಿಡಿದು ನಿಂತರು. ಡೆಪ್ಯೂಟಿ ಕಮಿಷನರ್ ಬಂಗಲೆಯ ಟೆನಿಸ್ ಅಂಕಣದ ಆ ಬದಿ ಜಪಾನಿಯರು, ಈ ಬದಿ ಇವರು. ಕೊನೆಗೆ ಜೂನ್ 22ಕ್ಕೆ ರಸ್ತೆ ಮತ್ತೆ ತೆರೆಯಿತು.

ಇಷ್ಟು ಎಲ್ಲಾ ಕಡೆ ಓದಲು ಸಿಗುತ್ತದೆ. ನಮ್ಮ ಗೈಡ್ ಹೇಳಿದ್ದು ಇದರ ಇನ್ನೊಂದು ಮುಖ. ಜಪಾನಿ ಸೈನಿಕರು ಹೊತ್ತು ತಂದಿದ್ದು ಸುಮಾರು ಮೂರು ವಾರದ ಊಟ. ಬೇಗ ಗೆದ್ದು ಬ್ರಿಟಿಷರ ಉಗ್ರಾಣದಿಂದಲೇ ಉಣ್ಣುವುದು ಅವರ ಯೋಜನೆ. ಅದು ಕೈಗೂಡಲಿಲ್ಲ. ಆಮೇಲೆ ಹಳ್ಳಿಗಳ ಭತ್ತ, ಹಂದಿ, ಕೋಳಿ ಎಲ್ಲಾ ಖಾಲಿ. ನಾವು ಉಳಿದ ಮನೆಯಲ್ಲಿ ಆಳೆತ್ತರದ ಬಿದಿರಿನ ಭತ್ತದ ಬುಟ್ಟಿಗಳು ಸಾಲಾಗಿ ಇದ್ದವು. ಗೈಡ್ ಒಂದರ ಮೇಲೆ ಕೈಯಿಟ್ಟು, ತನ್ನ ಅಜ್ಜಿಯ ಮನೆಯವರೆಲ್ಲಾ ಕಾಡಿನಲ್ಲಿ ಅಡಗಿದ್ದು ವಾಪಸ್ ಬಂದಾಗ ಬುಟ್ಟಿಯ ತಳದಲ್ಲಿ ಬಿತ್ತನೆಗೂ ಕಾಳು ಇರಲಿಲ್ಲ ಅಂದ. ಪುಸ್ತಕಗಳಲ್ಲಿ ರೆಜಿಮೆಂಟ್‌ಗಳ ಹೆಸರು ಬೇಕಾದಷ್ಟು ಇರುತ್ತವೆ, ಈ ಬುಟ್ಟಿ ಇರುವುದಿಲ್ಲ.

ಚಾರಣ ಶುರುವಾಗುವುದು ಖೊನೋಮಾದಿಂದ. ಇದೇ ಊರು 1879-80ರಲ್ಲಿ ಬ್ರಿಟಿಷರ ಮೇಲೆಯೇ ಯುದ್ಧ ಮಾಡಿತ್ತು. 1944ರಲ್ಲಿ ಅದೇ ಬ್ರಿಟಿಷರ ಮದ್ದುಗುಂಡು ಹೊತ್ತವರು, ಗಾಯಾಳುಗಳನ್ನು ಬೆಟ್ಟದಿಂದ ಇಳಿಸಿದವರು ಈ ಊರುಗಳ ಅಂಗಾಮಿ ನಾಗಾಗಳು. ಏಪ್ರಿಲ್ ಕೊನೆಯಲ್ಲಿ ಬ್ರಿಟಿಷ್ 2ನೇ ಡಿವಿಜನ್ನಿನ 4ನೇ ಬ್ರಿಗೇಡ್, ಜಪಾನಿಯರ ಬೆನ್ನಿಗೆ ಬೀಳಲು ಪುಲಿ ಬಾಡ್ಜೆ ಬೆಟ್ಟವನ್ನು ಸುತ್ತಿ ಬಂದಿದ್ದು ಈ ಕಡೆಯಿಂದಲೇ. ನಕ್ಷೆಯಲ್ಲಿ ನೋಡಿದರೆ ಕೆಲವೇ ಕಿಲೋಮೀಟರ್. ಅವರಿಗೆ ಒಂದು ವಾರದ ಮೇಲೆ ಹಿಡಿಯಿತು, ಅದೂ ಮಳೆಯಲ್ಲಿ. ಹತ್ತುವಾಗ ಯಾಕೆ ಅಂತ ಗೊತ್ತಾಗುತ್ತದೆ. ಕಡಿದಾದ ಇಳಿಜಾರು, ಕಾಲಿಟ್ಟಲ್ಲಿ ಜಾರುವ ಮಣ್ಣು, ದಟ್ಟ ಮರ, ಹತ್ತು ಹೆಜ್ಜೆ ಮುಂದಿನವರು ಕಾಣುವುದಿಲ್ಲ. ಕುಮಾರ ಪರ್ವತ ಹತ್ತಿದವರಿಗೆ ಕಷ್ಟ ಆಗಲಿಕ್ಕಿಲ್ಲ, ಆದರೆ ಮಳೆಗಾಲದಲ್ಲಿ ಬೇಡ. ಇಂಬಳಗಳ ಕಾಟದಲ್ಲಿ ಅಲ್ಲೂ ನಮ್ಮ ಮಲೆನಾಡೇ.

ಒಂದು ಕಡೆ ಗೈಡ್ ನಿಂತು ಕೋಲಿನಿಂದ ಜರೀಗಿಡ ಸರಿಸಿದ. ಸೊಂಟದವರೆಗಿನ ಹಳ್ಳ, ಅರ್ಧ ಮಣ್ಣು ತುಂಬಿದೆ, ಒಳಗಿನಿಂದಲೇ ಒಂದು ಮರ ಎದ್ದಿದೆ. ಕಂದಕ ಅಂತ ಹೇಳದೇ ಇದ್ದರೆ ನಾವು ಸುಮ್ನೆ ದಾಟಿ ಹೋಗುತ್ತಿದ್ದೆವು. ಬೋರ್ಡ್ ಇಲ್ಲ, ಬೇಲಿ ಇಲ್ಲ. ಊರಿನವನೇ ಜೊತೆಗಿರಬೇಕು ಅನ್ನುವುದು ಇದಕ್ಕೇ.

ಈಗ ದುಡ್ಡಿನ ವಿಷಯ. ಜೀಪಿನಲ್ಲಿ ಸುತ್ತಿಸಿ ಬಿಡುವ ಟೂರ್‌ಗಿಂತ ಇದು ಜಾಸ್ತಿಯೇ. ಆದರೆ ಬಿಲ್ ಕೊಟ್ಟ ರೀತಿ ಇಷ್ಟವಾಯಿತು. ನೋಟ್‌ಬುಕ್ ಹಾಳೆಯಲ್ಲಿ ಗೈಡ್ ಕೂಲಿ ಇಷ್ಟು, ಹೊರುವವರಿಗೆ ಇಷ್ಟು, ಮನೆಯವರಿಗೆ ಇಷ್ಟು, ಊರಿಗೆ ಕಟ್ಟುವ ಶುಲ್ಕ ಇಷ್ಟು ಅಂತ ಬೇರೆ ಬೇರೆ ಬರೆದಿದ್ದರು. ನಮ್ಮಲ್ಲೊಬ್ಬ, ಬ್ಯಾಗ್ ನಾನೇ ಹೊರುತ್ತೇನೆ, ಪೋರ್ಟರ್ ದುಡ್ಡು ಯಾಕೆ ಅಂತ ಶುರುಮಾಡಿದ. ಗೈಡ್ ನಗುತ್ತಲೇ, "ಹೊರಿ ಸರ್, ನಿಮಗೆ ಉಳಿತಾಯ. ನನ್ನ ಚಿಕ್ಕಪ್ಪನ ಮಗನಿಗೆ ಇವತ್ತು ಕೆಲಸ ಇಲ್ಲ, ಅಷ್ಟೇ" ಅಂದ. ಬ್ಯಾಗ್ ಕೆಳಗಿಳಿಯಿತು.

ಇದು ಬರೀ ಮರುಕದ ಮಾತಲ್ಲ. ಖೊನೋಮಾದವರು 1998ರಲ್ಲಿ ತಮ್ಮ ಕಾಡಿನ ಒಂದು ಭಾಗವನ್ನು ಟ್ರಾಗೋಪಾನ್ ಅನ್ನೋ ಹಕ್ಕಿಗಾಗಿ ಕಾಯ್ದಿಟ್ಟು, ಬೇಟೆ ನಿಲ್ಲಿಸಿದರು. ಬೇಟೆಯೇ ಬದುಕಾಗಿದ್ದ ಕಡೆ ಅದು ಸಣ್ಣ ತೀರ್ಮಾನವಲ್ಲ. ಬೇಟೆಗಾರರಿಗೆ ಆ ಕಾಡಿನ ಒಂದೊಂದು ಜಾಡೂ ಗೊತ್ತು. ಆ ತಿಳಿವಳಿಕೆಗೆ ಈಗ ಕೂಲಿ ಸಿಗುತ್ತಿರುವುದು ನಮ್ಮಂಥವರು ನಡೆದು ಬಂದಾಗ. ಕಂಪನಿ ಮೂಲಕ ಬುಕ್ ಮಾಡಿದರೆ ಇದರಲ್ಲಿ ಎಷ್ಟು ಊರಿಗೆ ತಲುಪುತ್ತದೆ ಅಂತ ಒಮ್ಮೆ ಕೇಳಿ ನೋಡಿ, ಉತ್ತರ ಬರುವುದು ಕಷ್ಟ.

ಊಟದ್ದೂ ಹೇಳಬೇಕು. ಒಲೆಯ ಮೇಲೆ ಹೊಗೆಗೆ ತೂಗುಹಾಕಿದ ಹಂದಿಮಾಂಸ, ರಾಜಾ ಮಿರ್ಚಾ ಅನ್ನೋ ವಿಪರೀತ ಖಾರದ ಮೆಣಸಿನಕಾಯಿ ಚಟ್ನಿ (ಬೆರಳ ತುದಿಯಷ್ಟು ಸಾಕು, ಜಂಭ ಬೇಡ). ಸಸ್ಯಾಹಾರಿಗಳಿಗೆ ಗಾಲ್ಹೊ, ಅಂದರೆ ಸೊಪ್ಪು ಹಾಕಿ ಬೇಯಿಸಿದ ಅನ್ನ, ನಮ್ಮ ಪೊಂಗಲ್‌ಗೆ ನೀರು ಜಾಸ್ತಿ ಆದ ಹಾಗೆ. ಮಾಂಸ ಬೇಡ ಅಂತ ಮೊದಲೇ ಸ್ಪಷ್ಟವಾಗಿ ಹೇಳಿ, ಇಲ್ಲದಿದ್ದರೆ ಅದಕ್ಕೂ ಹಾಕಿಬಿಡುತ್ತಾರೆ.

ಕೊರತೆ ಏನು? ಊರಿನ ಕಥೆ ಗೈಡ್‌ಗೆ ನಾಲಗೆ ತುದಿಯಲ್ಲಿದೆ, ಸೈನ್ಯದ ಲೆಕ್ಕಾಚಾರ ಕೇಳಿದರೆ ತಡವರಿಸುತ್ತಾನೆ. ಯಾವ ದಿನ ಯಾವ ತುಕಡಿ ಎಲ್ಲಿತ್ತು ಅಂತ ಓದಿಕೊಂಡು ಹೋಗಿ. ಒಂದು ಪುಟದ ನಕ್ಷೆ ಪ್ರಿಂಟ್ ಮಾಡಿ ಕೊಟ್ಟರೆ ಎಷ್ಟು ಚೆನ್ನಾಗಿರುತ್ತಿತ್ತು. ಫಸ್ಟ್ ಏಡ್ ಡಬ್ಬಿಯಲ್ಲಿ ಬ್ಯಾಂಡೇಜ್ ಬಿಟ್ಟರೆ ಹೆಚ್ಚೇನೂ ಇರಲಿಲ್ಲ, ಇದನ್ನು ಅವರಿಗೂ ಹೇಳಿ ಬಂದೆವು. ಕೊನೆಯ ಭಾಗ ಡಾಂಬರು ರಸ್ತೆ, ಲಾರಿ ಧೂಳು, ಬೇಜಾರು. ಕೊಹಿಮಾ ಪಟ್ಟಣ ಬೆಳೆದು ಯುದ್ಧದ ಗುಡ್ಡಗಳನ್ನು ಬಹುಪಾಲು ನುಂಗಿದೆ. ಅದಕ್ಕೆ ಇವರೇನು ಮಾಡುತ್ತಾರೆ.

ಸಿಮೆಟ್ರಿಯನ್ನು ಕೊನೆಗೆ ಇಟ್ಟಿದ್ದು ಒಳ್ಳೆಯದಾಯಿತು. 1,420 ಸಮಾಧಿಗಳು, ಟೆನಿಸ್ ಅಂಕಣದ ಗೆರೆಗಳನ್ನು ಇವತ್ತಿಗೂ ಉಳಿಸಿದ್ದಾರೆ. ಎಲ್ಲರೂ ಅಲ್ಲೇ ಫೋಟೊ ತೆಗೆದು ಹೊರಡುತ್ತಾರೆ. ಇನ್ನೂ ಮೇಲೆ ಹೋದರೆ ಸುಟ್ಟು ಅಂತ್ಯಕ್ರಿಯೆ ಮಾಡಿದ 917 ಹಿಂದೂ, ಸಿಖ್ ಸೈನಿಕರ ಸ್ಮಾರಕ ಇದೆ. ಅಲ್ಲಿ ಹೆಸರು ಓದುತ್ತಾ ನಿಂತಿದ್ದು ನಾವಷ್ಟೇ. ಪುರುಸೊತ್ತಿದ್ದರೆ ಕಿಗ್ವೇಮಾಗೂ ಹೋಗಿ. ಜಪಾನಿಯರು 4-4-1944ರ ಮಧ್ಯಾಹ್ನ 3 ಗಂಟೆಗೆ ಇಲ್ಲಿಗೆ ಬಂದರು ಅಂತ ಒಂದು ಮನೆಯ ಮೇಲೆ ಬರೆದಿಟ್ಟಿದ್ದಾರೆ. ಅದರ ಹತ್ತಿರವೇ ಕಿಸಾಮಾದ ಯುದ್ಧ ಮ್ಯೂಸಿಯಂ, ಪರವಾಗಿಲ್ಲ, ಒಂದು ಗಂಟೆ ಸಾಕು.

ನಾಗಾಲ್ಯಾಂಡ್‌ಗೆ ಇನ್ನರ್ ಲೈನ್ ಪರ್ಮಿಟ್ (ಹೊರಗಿನವರು ರಾಜ್ಯದೊಳಗೆ ಬರಲು ಅನುಮತಿ ಪತ್ರ) ಬೇಕು, ಆನ್‌ಲೈನ್‌ನಲ್ಲೇ ಮಾಡಿಸಿಕೊಳ್ಳಿ. ದಿಮಾಪುರದಿಂದ ಕೊಹಿಮಾಗೆ ಶೇರ್ ಟ್ಯಾಕ್ಸಿ ಸಿಗುತ್ತದೆ. ಭಾನುವಾರ ಚರ್ಚಿನ ದಿನ, ಅಂಗಡಿ ಮುಚ್ಚಿರುತ್ತವೆ, ಚಾರಣಕ್ಕೂ ಯಾರೂ ಬರುವುದಿಲ್ಲ. ಡಿಸೆಂಬರ್ ಮೊದಲ ಹತ್ತು ದಿನ ಹಾರ್ನ್‌ಬಿಲ್ ಹಬ್ಬ, ರೂಮಿನ ಬೆಲೆ ಗಗನಕ್ಕೆ. ನವೆಂಬರ್ ವಾಸಿ, ಆದರೆ ಸಂಜೆ ನಾಲ್ಕೂವರೆಗೇ ಕತ್ತಲಾಗುವುದರಿಂದ ಬೆಳಿಗ್ಗೆ ಐದೂವರೆಗೆ ಹೊರಡಬೇಕು. ಖೊನೋಮಾ ಅಥವಾ ಜೋತ್ಸೋಮಾದ ಯಾವುದೇ ಹೋಮ್‌ಸ್ಟೇಗೆ ಫೋನ್ ಮಾಡಿ ಯುದ್ಧದ ಜಾಡಿನ ಗೈಡ್ ಬೇಕು ಅನ್ನಿ, ಜನ ಸಿಗುತ್ತಾರೆ. ನೆಟ್‌ವರ್ಕ್ ಕೈಕೊಡುತ್ತಿರುತ್ತದೆ, ಉತ್ತರ ಬರದಿದ್ದರೆ ಮಾರನೇ ದಿನ ಮತ್ತೆ ಮಾಡಿ.