ಫುಟ್‌ಬಾಲ್ ಮ್ಯಾನೇಜರ್ 2024: ಹುಡುಗರನ್ನು ಬೆಳೆಸುವವರಿಗೆ ಎಷ್ಟು ಸರಿ?

ಮ್ಯಾನೇಜರ್ ಆಗಿ ಫುಟ್‌ಬಾಲ್ ಕ್ಲಬ್ ನಡೆಸುವ ಈ ಕಂಪ್ಯೂಟರ್ ಆಟ ಬಂದದ್ದು 2023ರ ನವೆಂಬರ್‌ನಲ್ಲಿ. ಅದಕ್ಕೆ ಈಗ್ಯಾಕೆ ವಿಮರ್ಶೆ ಅಂದರೆ, ಅದರ ಮುಂದಿನ ಆವೃತ್ತಿ 25 ಹೊರಬರುವ ಮೊದಲೇ ರದ್ದಾಯಿತು. 2025ರ ನವೆಂಬರ್‌ನಲ್ಲಿ 26 ಬಂದ ಮೇಲೂ ಅದರ ಹೊಸ ಪರದೆ ಒಗ್ಗದೆ 24ಕ್ಕೇ ಮರಳಿದವರಿದ್ದಾರೆ. ಇಲ್ಲಿ ನೋಡುವುದು ಒಂದೇ ವಿಷಯ: ದೊಡ್ಡ ಕ್ಲಬ್ ಹಿಡಿದವರು ಕ್ಲಬ್ಬಿನದೇ ತರಬೇತಿ ಶಾಲೆಯಾದ ಅಕಾಡೆಮಿಯ ಹುಡುಗರನ್ನು ನೆಚ್ಚಬೇಕೋ, ಹೆಸರಾದವರನ್ನು ಕೊಳ್ಳಬೇಕೋ. ಆಟಗಾರನ 18ರಿಂದ 21ರವರೆಗಿನ ವರ್ಷಗಳನ್ನು ಆಟ ತಯಾರಿಸಿದ ಸ್ಪೋರ್ಟ್ಸ್ ಇಂಟರಾಕ್ಟಿವ್‌ನವರು ಅದ್ಭುತವಾಗಿ ಕಟ್ಟಿದ್ದಾರೆ. ಅದಕ್ಕೂ ಹಿಂದಿನದು ಲಾಟರಿ.

ಲಾಟರಿ ಅಂದದ್ದು ಸುಮ್ಮನೆ ಅಲ್ಲ. ವರ್ಷಕ್ಕೊಮ್ಮೆ, ಇಂಗ್ಲೆಂಡಿನ ಕ್ಲಬ್ ಆದರೆ ಮಾರ್ಚ್ ಮಧ್ಯದ ಹೊತ್ತಿಗೆ, 15-16 ವಯಸ್ಸಿನ ಹುಡುಗರ ಗುಂಪೊಂದು ಒಮ್ಮೆಲೇ ಉದುರುತ್ತದೆ. ಪ್ರತಿಯೊಬ್ಬನಿಗೂ ಎರಡು ಗುಟ್ಟಿನ ಅಂಕಿಗಳು: ಈಗಿನ ಸಾಮರ್ಥ್ಯ, ಮುಟ್ಟಬಹುದಾದ ಗರಿಷ್ಠ ಸಾಮರ್ಥ್ಯ. ಎರಡಕ್ಕೂ ಅಳತೆ 200ರವರೆಗೆ. ಎರಡನೆಯದು ಒಮ್ಮೆ ಬಿದ್ದರೆ ಬಿತ್ತು, ಕೊನೆಯವರೆಗೂ ಕದಲುವುದಿಲ್ಲ. ಬೆಳೆಯುವ ಸಿರಿ ಮೊಳಕೆಯಲ್ಲೇ ಎಂಬ ಗಾದೆಯನ್ನು ಈ ಆಟ ಅಕ್ಷರಶಃ ನಂಬಿಬಿಟ್ಟಿದೆ. 27ನೇ ವಯಸ್ಸಿನಲ್ಲಿ ಇಂಗ್ಲೆಂಡಿನ ಅಗ್ರ ಲೀಗಾದ ಪ್ರೀಮಿಯರ್ ಲೀಗಿಗೆ ಕಾಲಿಟ್ಟ ಜೇಮಿ ವಾರ್ಡಿಯಂಥವನು ಇಲ್ಲಿ ತಾನಾಗಿ ಹುಟ್ಟುವುದು ಕಷ್ಟ. ನಿಜ ಜೀವನದ ಕಿರಿಯರಲ್ಲಿ ಹಲವರಿಗೆ ಮಾತ್ರ ನಿಗದಿತ ಅಂಕಿಯ ಬದಲು ಒಂದು ವ್ಯಾಪ್ತಿ ಕೊಟ್ಟಿದ್ದಾರೆ. ಉದಾಹರಣೆಗೆ, ಮೈನಸ್ 9 ಎಂಬ ಗುರುತಿದ್ದರೆ 150ರಿಂದ 180ರ ನಡುವೆ ಯಾವುದೂ ಆಗಬಹುದು. ಹಾಗಾಗಿ ಒಂದು ಸೇವ್‌ನಲ್ಲಿ, ಅಂದರೆ ಒಮ್ಮೆ ಶುರುಮಾಡಿ ಉಳಿಸಿಕೊಂಡ ಆಟದಲ್ಲಿ, ಮಿಂಚಿದವನು ಇನ್ನೊಂದರಲ್ಲಿ ಸಾಧಾರಣನಾಗಿ ಉಳಿಯುತ್ತಾನೆ. ಅಂತರ್ಜಾಲದಲ್ಲಿ ಸಿಗುವ ‘ವಂಡರ್‌ಕಿಡ್’ (ಅಪಾರ ಭರವಸೆಯ ಹುಡುಗರ) ಪಟ್ಟಿ ನೋಡಿ ದುಡ್ಡು ಸುರಿಯುವವರು ಏಟು ತಿನ್ನುವುದು ಇಲ್ಲೇ.

ಲಾಟರಿಯಾದರೂ ಟಿಕೆಟ್ ಚೆನ್ನಾಗಿರುವಂತೆ ನೋಡಿಕೊಳ್ಳಬಹುದು. ಯೂತ್ ಫೆಸಿಲಿಟೀಸ್ (ಕಿರಿಯರ ಸೌಲಭ್ಯ), ಜೂನಿಯರ್ ಕೋಚಿಂಗ್ (ಅವರ ತರಬೇತಿ), ಯೂತ್ ರಿಕ್ರೂಟ್‌ಮೆಂಟ್ (ಅವರನ್ನು ಹುಡುಕಿ ಸೇರಿಸುವುದು) ಈ ಮೂರಕ್ಕೂ ಆಡಳಿತ ಮಂಡಳಿಯಿಂದ ದುಡ್ಡು ಕೇಳಬೇಕು. ಕಟ್ಟಡ ಏಳಲು ತಿಂಗಳುಗಟ್ಟಲೆ ಬೇಕು, ಫಲ ಕಾಣಲು ವರ್ಷಗಳೇ ಬೇಕು. ಹಾಗಾಗಿ ಮೊದಲ ಸೀಸನ್‌ನಲ್ಲೇ ಕೇಳಿ. ನಾಲ್ಕನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಹೆಡ್ ಆಫ್ ಯೂತ್ ಡೆವಲಪ್‌ಮೆಂಟ್, ಅಂದರೆ ಕಿರಿಯರ ವಿಭಾಗದ ಮುಖ್ಯಸ್ಥನ ಹುದ್ದೆಯಲ್ಲಿರುವವನ ಸ್ವಭಾವ. ಬರುವ ಹುಡುಗರು ಒಂದಿಷ್ಟು ಅವನ ಅಚ್ಚಿನಲ್ಲೇ ಬರುತ್ತಾರೆ. ಸ್ವಭಾವದ ಜಾಗದಲ್ಲಿ ‘ಕ್ಯಾಶುವಲ್’ (ಉಡಾಫೆ) ಅಂತ ಬರೆದಿರುವವನನ್ನು ಆ ಕುರ್ಚಿಯಲ್ಲಿ ಕೂರಿಸಿ, ಹುಡುಗರು ಸೋಮಾರಿಗಳು ಅಂತ ಗೊಣಗಿ ಪ್ರಯೋಜನವಿಲ್ಲ. ‘ಪ್ರೊಫೆಷನಲ್’ ಅಥವಾ ‘ಮಾಡೆಲ್ ಸಿಟಿಜನ್’ ಸಿಕ್ಕರೆ ಸಂಬಳ ತುಸು ಜಾಸ್ತಿಯಾದರೂ ಕೊಡಿ. ಹೊಸ ಹುಡುಗರು ಬಂದ ಮರುದಿನ ಬದಲಾಯಿಸಿದರೆ ಆ ವರ್ಷದ ಗುಂಪಿಗೆ ಉಪಯೋಗವಿಲ್ಲ.

ಹುಡುಗ ಕೈಗೆ ಬಂದ ಮೇಲೆ ತರಬೇತಿ. ಈಗಿನ ಸಾಮರ್ಥ್ಯ ಎಂಬುದನ್ನು ಒಂದು ಪಾತ್ರೆ ಅಂದುಕೊಳ್ಳಿ. ಪಾಸಿಂಗ್, ಓಟ, ಹೆಡಿಂಗ್ ಎಲ್ಲವೂ ಆ ಪಾತ್ರೆಯಲ್ಲೇ ಜಾಗ ಹಿಡಿಯಬೇಕು, ದುರ್ಬಲ ಪಾದದ ಸುಧಾರಣೆ ಕೂಡ. ಸೆಂಟರ್ ಬ್ಯಾಕ್‌ನ (ರಕ್ಷಣೆಯ ನಡುವೆ ನಿಲ್ಲುವವನ) ಎಡಗಾಲು ತಿದ್ದಲು ಹೊರಟರೆ ಅವನ ಜಿಗಿತಕ್ಕೋ ವೇಗಕ್ಕೋ ಬೇಕಿದ್ದ ಜಾಗ ಅಲ್ಲಿ ಖರ್ಚಾಗುತ್ತದೆ. ಆದ್ದರಿಂದ ಮೈದಾನದಲ್ಲಿ ಅವನು ಮಾಡಬೇಕಾದ ಒಂದೇ ಕೆಲಸವನ್ನು ಆರಿಸಿ ಅದಕ್ಕೇ ಕಟ್ಟುಬೀಳಿ. ಡಬಲ್ ಇಂಟೆನ್ಸಿಟಿ (ದುಪ್ಪಟ್ಟು ತೀವ್ರತೆಯ ತರಬೇತಿ) ನೋಡಲು ಆಕರ್ಷಕ, ಆದರೆ ಗಾಯದ ಅಪಾಯವೂ ಏರುತ್ತದೆ. ದೊಡ್ಡ ಗಾಯಕ್ಕೆ ಹುಡುಗನ ಒಂದು ವರ್ಷವೇ ಹೋಗಬಹುದು.

ಮೆಂಟರಿಂಗ್, ಅಂದರೆ ಹಿರಿಯರಿಂದ ಕಿರಿಯರು ಗುಣ ಕಲಿಯುವ ಏರ್ಪಾಡಿನ ಬಗ್ಗೆ ತುಸು ವಿವರವಾಗಿಯೇ ಹೇಳಬೇಕು, ಯಾಕೆಂದರೆ ಕೊಳ್ಳುವುದೂ ಬೆಳೆಸುವುದೂ ಇಲ್ಲಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಗುಂಪಿಗೆ ಕನಿಷ್ಠ ಮೂವರು. ಡ್ರೆಸ್ಸಿಂಗ್ ರೂಮಿನಲ್ಲಿ ಮಾತು ನಡೆಯುವ ಹಿರಿಯನೊಬ್ಬನ ಜೊತೆ ಇಬ್ಬರು ಕಿರಿಯರನ್ನು ಬಿಟ್ಟರೆ, ಅವನ ಗುಣ ತಿಂಗಳುಗಳಲ್ಲಿ ನಿಧಾನಕ್ಕೆ ಇವರಿಗೆ ಇಳಿಯುತ್ತದೆ. ಕೆಟ್ಟದ್ದೂ ಹಾಗೇ ಇಳಿಯುತ್ತದೆ ಅನ್ನುವುದು ನೆನಪಿರಲಿ. ಆದ್ದರಿಂದ ಕಾಲು ತುಸು ಭಾರವಾದ, ಶಿಸ್ತು ಕೆಡದ 31ರ ಮಿಡ್‌ಫೀಲ್ಡರ್ ಕಡಿಮೆ ಬೆಲೆಗೆ ಸಿಕ್ಕರೆ ಕೊಂಡುಬಿಡಿ. 100 ಮಿಲಿಯನ್ ಯೂರೋ ತಾರೆಗಿಂತ ಅವನೇ ಲಾಭದ ವ್ಯಾಪಾರ.

18 ದಾಟಿದ ಮೇಲೆ ಮೈದಾನದ ನಿಮಿಷಗಳೇ ಮುಖ್ಯ, ತರಬೇತಿ ಕೇಂದ್ರ ಆಮೇಲಿನದು. ನಿಜ ಫುಟ್‌ಬಾಲ್‌ನಲ್ಲೂ ದೊಡ್ಡ ಕ್ಲಬ್ಬುಗಳ ಸಂಕಟ ಇದೇ. ಹುಡುಗ ಚೆನ್ನಾಗಿದ್ದಾನೆ, ಆದರೆ ಅವನ ಮುಂದೆ ಕೊಂಡುತಂದ ಇಬ್ಬರು ಕೂತಿದ್ದಾರೆ. ಇದಕ್ಕೆ ಆಟ ಕೊಡುವ ದಾರಿ ಲೋನ್, ಅಂದರೆ ಹುಡುಗನನ್ನು ಕೆಲಕಾಲ ಬೇರೆ ಕ್ಲಬ್ಬಿಗೆ ಆಡಲು ಕಳಿಸುವುದು. ಕಳಿಸುವ ಮೊದಲು ಅಲ್ಲಿನ ಮ್ಯಾನೇಜರ್ ಎಷ್ಟು ಆಡಿಸುವುದಾಗಿ ಒಪ್ಪಿದ್ದಾನೆ, ನೀವು ಆರಿಸಿದ ಸ್ಥಾನದಲ್ಲೇ ಆಡಿಸುತ್ತಾನಾ, ತರಬೇತಿ ಸೌಲಭ್ಯ ಹೇಗಿದೆ ಅಂತ ನೋಡಿ. ಬೇಕೆಂದಾಗ ವಾಪಸ್ ಕರೆಸಿಕೊಳ್ಳುವ ರೀಕಾಲ್ ಷರತ್ತು ಹಾಕಿಸದೆ ಸಹಿ ಮಾಡಬೇಡಿ. ಬೆಂಚಿನಲ್ಲಿ ಕೂತು ಕಳೆದ ವರ್ಷಕ್ಕಿಂತ ಒಂದು ಹಂತ ಕೆಳಗಿನ ಲೀಗಿನಲ್ಲಿ ಪ್ರತಿ ವಾರ ಆಡಿದ್ದು ಎಷ್ಟೋ ಮೇಲು.

ಲೋನ್‌ನಲ್ಲಿ ಬೀಳಬಹುದಾದ ಒಂದು ಹಳ್ಳವಿದೆ, ಎಚ್ಚರ. ಯುರೋಪಿನ ಅಗ್ರ ಕ್ಲಬ್ಬುಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗಿಗೆ ಕೊಡುವ 25 ಆಟಗಾರರ ಮುಖ್ಯ ಪಟ್ಟಿಯಲ್ಲಿ 8 ಜಾಗ ಸ್ಥಳೀಯವಾಗಿ ತಯಾರಾದವರಿಗೆ ಮೀಸಲು. ಅದರಲ್ಲಿ 4 ನಿಮ್ಮದೇ ಕ್ಲಬ್ಬಿನಲ್ಲಿ ತಯಾರಾದವರಿಗೆ, ಅಂದರೆ 15ರಿಂದ 21 ವಯಸ್ಸಿನ ನಡುವೆ ಮೂರು ಪೂರ್ತಿ ಸೀಸನ್ ಅಥವಾ 36 ತಿಂಗಳು ನಿಮ್ಮಲ್ಲೇ ನೋಂದಣಿಯಾಗಿದ್ದವರಿಗೆ. ಅಂಥವರಿಲ್ಲದಿದ್ದರೆ ಆ ಜಾಗ ಖಾಲಿ, ಪಟ್ಟಿಯೇ ಚಿಕ್ಕದಾಗುತ್ತದೆ. 18ಕ್ಕೆ ಕೊಂಡು ಎರಡು ವರ್ಷ ಹೊರಗೆ ಕಳಿಸಿದವನು ಈ ನಾಲ್ಕರ ಲೆಕ್ಕಕ್ಕೆ ಬರುವುದಿಲ್ಲ. ಪ್ರೀಮಿಯರ್ ಲೀಗಿನ ಲೆಕ್ಕ ಬೇರೆ: 25 ಆಟಗಾರರಲ್ಲಿ ಹೋಮ್‌ಗ್ರೋನ್ (ಅಲ್ಲೇ ತಯಾರಾದವರು) ಅಲ್ಲದವರು 17ಕ್ಕಿಂತ ಹೆಚ್ಚಿರುವಂತಿಲ್ಲ, ಆದರೆ ಇಂಗ್ಲೆಂಡಿನ ಯಾವ ಕ್ಲಬ್ಬಿನಲ್ಲಿ ಕಳೆದ ಕಾಲವೂ ಲೆಕ್ಕಕ್ಕೆ ಸಿಗುತ್ತದೆ. ಬ್ರೆಕ್ಸಿಟ್ ನಂತರ ಅಲ್ಲಿನ ಕ್ಲಬ್ಬುಗಳು 18 ತುಂಬದ ವಿದೇಶಿಯನ್ನು ಕೊಳ್ಳುವಂತಿಲ್ಲವಾದ್ದರಿಂದ, ಅಂಥವನಿಗೆ 21 ತುಂಬುವ ಸೀಸನ್ ಮುಗಿಯುವುದರೊಳಗೆ 36 ತಿಂಗಳು ತುಂಬಿಸಲು, 18 ತುಂಬಿದ ಮೇಲೆ ಹೆಚ್ಚು ತಡಮಾಡದೆ ಸಹಿ ಹಾಕಿಸಬೇಕು. ಕ್ಯಾಲೆಂಡರ್ ಮುಂದಿಟ್ಟುಕೊಂಡು ಆಡುವ ಆಟ ಇದು.

ತಾರೆಯರನ್ನು ಕೊಳ್ಳುವ ಭಾಗ ಸಲೀಸಾಗಿದೆ, ಬಹುಶಃ ಸ್ವಲ್ಪ ಅತಿಯಾಗಿಯೇ. ಖರೀದಿ ಬೆಲೆ ಕಾಣುವ ಖರ್ಚು. ಏಜೆಂಟನ ಪಾಲು, ಆಡಿಸುತ್ತೇನೆಂದು ಕೊಟ್ಟ ಮಾತು, ಒಬ್ಬನ ಸಂಬಳ ನೋಡಿ ಉಳಿದವರು ಕೇಳುವ ಏರಿಕೆ ಆಮೇಲೆ ಬರುತ್ತವೆ. 2017ರಲ್ಲಿ ನೇಮಾರ್‌ನನ್ನು 222 ಮಿಲಿಯನ್ ಯೂರೋಗೆ ಕಳೆದುಕೊಂಡ ಬಾರ್ಸಿಲೋನಾ, ಡೆಂಬೆಲೆ, ಕುಟಿನ್ಹೊ, ಗ್ರೀಝ್ಮನ್ ಮೂವರಿಗೂ ತಲಾ 100 ಮಿಲಿಯನ್ ದಾಟಿ ತೆತ್ತು, ಸಂಬಳದ ಹೊರೆಯಲ್ಲಿ 2021ಕ್ಕೆ ಮೆಸ್ಸಿಯನ್ನೂ ಉಳಿಸಿಕೊಳ್ಳಲಾಗಲಿಲ್ಲ. ಈ ಕುಸಿತವನ್ನು ಆಟ ಇಷ್ಟು ಕ್ರೂರವಾಗಿ ತೋರಿಸುವುದಿಲ್ಲ. ದೊಡ್ಡ ಕ್ಲಬ್ ಹಿಡಿದವನಿಗೆ ಮರುವರ್ಷ ಹೇಗೋ ದುಡ್ಡು ಹುಟ್ಟುತ್ತದೆ. ಹೆಚ್ಚು ಲಾಭ ಕೊಡುವುದು ಮೂರನೇ ದಾರಿ, ರಿಯಲ್ ಮ್ಯಾಡ್ರಿಡ್ ವಿನಿಸಿಯಸ್ ವಿಷಯದಲ್ಲಿ ಮಾಡಿದಂತೆ: 16ರಲ್ಲೇ ಸುಮಾರು 45 ಮಿಲಿಯನ್‌ಗೆ ಮಾತಾಡಿ, 18 ತುಂಬಿದಾಗ ಕರೆತಂದು, ಮೊದಲು ಎರಡನೇ ತಂಡವಾದ ಕಾಸ್ಟಿಯಾದಲ್ಲೂ ಆಡಿಸುವುದು. ಬ್ರೆಜಿಲ್, ಅರ್ಜೆಂಟೀನಾಗಳಿಗೆ ಪ್ರತಿಭೆ ಹುಡುಕುವ ಇಬ್ಬರು ಒಳ್ಳೆಯ ಸ್ಕೌಟ್‌ಗಳನ್ನು ಕಳಿಸಿದರೆ ಸಾಕು. ಇದು ಇಷ್ಟು ಸುಲಭವಾಗಿರುವುದೇ ಆಟದ ಸಮತೋಲ ಕೆಡಿಸಿದೆ.

ದೊಡ್ಡ ಕೊರತೆ ಉಳಿದಿರುವುದು 15ರ ಹಿಂದೆ. 1979ರಲ್ಲಿ ಹಳೆಯ ತೋಟದ ಮನೆಯಲ್ಲಿ ವಸತಿ ಶುರುಮಾಡಿದ ಬಾರ್ಸಿಲೋನಾ ಅಕಾಡೆಮಿ ಲಾ ಮಾಸಿಯಾ, ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ’ಓರ್‌ನಲ್ಲಿ 2010ರ ಮೊದಲ ಮೂರೂ ಸ್ಥಾನ ಪಡೆದ ಮೆಸ್ಸಿ, ಇನಿಯೆಸ್ತಾ, ಚಾವಿಯರನ್ನು ಬೆಳೆಸಿತು. ಲಮೀನ್ ಯಮಾಲ್ 7ಕ್ಕೆ ಬಾರ್ಸಿಲೋನಾ ಸೇರಿ, 2023ರಲ್ಲಿ 15ಕ್ಕೇ ಮೊದಲ ತಂಡಕ್ಕೆ ಇಳಿದ. ನಡುವಿನ ಆ ಎಂಟು ವರ್ಷದ ದುಡಿಮೆ ಈ ಆಟದಲ್ಲಿ ಮಾರ್ಚ್ ತಿಂಗಳ ಒಂದು ಸಂದೇಶವಾಗಿ ಇನ್‌ಬಾಕ್ಸಿಗೆ ಬೀಳುತ್ತದೆ. 12ರ ಹುಡುಗನನ್ನು ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂಬ ನಿರ್ಧಾರ ನಿಮ್ಮ ಮುಂದೆ ಬರುವುದೇ ಇಲ್ಲ.

ಭಾರತದ ಲೀಗೂ ಆಟದಲ್ಲಿದೆ. ಬೆಂಗಳೂರು ಎಫ್‌ಸಿ ಹಿಡಿದು, ಖರೀದಿಯೇ ಇಲ್ಲದೆ ಬರೀ ಅಕಾಡೆಮಿ ಹುಡುಗರಿಂದ ತಂಡ ಕಟ್ಟುವ ಹಟವಿದ್ದರೆ ಮೊದಲ ಐದಾರು ಸೀಸನ್ ಸೋಲಿಗೆ ಸಿದ್ಧರಾಗಿರಿ. ಆಟ ದೇಶಕ್ಕೆ ಕೊಟ್ಟ ಯೂತ್ ರೇಟಿಂಗ್ (ಕಿರಿಯರ ಗುಣಮಟ್ಟದ ಅಂಕ) ಕಡಿಮೆ, ನಿಮ್ಮ ಕ್ಲಬ್ ಎಷ್ಟೇ ಖರ್ಚು ಮಾಡಿದರೂ ಅದು ಕಾಲೆಳೆಯುತ್ತದೆ.