ಭಾನುವಾರದ ಕಲಾ ಇತಿಹಾಸ ತರಗತಿ: ಎರಡು ವರ್ಷ ಮುಗಿಸಿದವನ ಮಾತು

ನಲವತ್ತೇಳನೆಯ ವಯಸ್ಸಿನಲ್ಲಿ, ಬ್ಯಾಂಕ್ ಕೆಲಸದ ಜೊತೆಗೇ ಬೆಂಗಳೂರಿನ ಒಂದು ಸಂಸ್ಥೆಯ ಭಾರತೀಯ ಕಲಾ ಇತಿಹಾಸ ಡಿಪ್ಲೊಮಾಕ್ಕೆ ಸೇರಿದ್ದೆ. ಶನಿವಾರ ಸಂಜೆ ಆನ್‌ಲೈನ್ ಪಾಠ, ಭಾನುವಾರ ಬೆಳಿಗ್ಗೆ ತರಗತಿ. “ಇದರಿಂದ ಬಡ್ತಿ ಸಿಗುತ್ತದೆಯೇನಯ್ಯ?” ಎಂದು ಭಾವ ಕೇಳಿದ್ದರು. ಸಿಗಲಿಲ್ಲ.

ಮೊದಲ ಪ್ರಬಂಧದಲ್ಲೇ ನನ್ನ ಬಂಡವಾಳ ಬಯಲಾಯಿತು. ಐಹೊಳೆಯ ದುರ್ಗದ ಗುಡಿಯ ಬಗ್ಗೆ ಮೂರು ಪುಟ ಬರೆದಿದ್ದೆ. ಮೊದಲ ಪುಟವೆಲ್ಲ ದೇವಿಯ ಮಹಿಮೆ. ಮೇಡಂ ಕೆಂಪು ಶಾಯಿಯಲ್ಲಿ, “ಇದು ದುರ್ಗಿಯ ಗುಡಿಯಲ್ಲ, ದುರ್ಗದ ಗುಡಿ. ಕೋಟೆಯಿಂದ ಬಂದ ಹೆಸರು. ಹಿಂಭಾಗ ಆನೆಯ ಬೆನ್ನಿನ ಹಾಗೆ ಗುಂಡಗಿದೆ, ಅದರ ಬಗ್ಗೆ ಒಂದು ಸಾಲೂ ಇಲ್ಲವಲ್ಲ?” ಎಂದು ಬರೆದಿದ್ದರು. ಕಣ್ಣಿಗೆ ರಾಚುವಂಥದ್ದನ್ನೇ ಬಿಟ್ಟಿದ್ದೆ.

ಎರಡನೆಯ ವರ್ಷದ ಸೋಮನಾಥಪುರದ ಅಭ್ಯಾಸ ಒಂದಕ್ಕೇ ಕಟ್ಟಿದ ಶುಲ್ಕ ಸಂದಾಯವಾಯಿತು ಎನ್ನಬಹುದು. ಗೋಡೆಯ ಒಂದು ಮೂಲೆಯ ಮುಂದೆ ಎರಡು ಗಂಟೆ ಕುಳಿತು, ದೇವರ ಹೆಸರೂ ಹೇಳದೆ, ‘ಅದ್ಭುತ’, ‘ಮನಮೋಹಕ’ ಎಂಬ ಪದಗಳನ್ನೂ ಬಳಸದೆ, ಕಂಡದ್ದನ್ನು ಬರೆಯಬೇಕು. ಅರ್ಧ ಗಂಟೆ ಪೆನ್ನು ಮುಂದೆ ಸರಿಯಲಿಲ್ಲ. ಆಮೇಲೆ ಕೆಳಗಿನಿಂದ ಪಟ್ಟಿಕೆಗಳನ್ನು ಎಣಿಸತೊಡಗಿದೆ: ಆನೆ, ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಅವುಗಳ ಮೇಲೆ ಒಂದು ವಿಗ್ರಹ. ಅದರ ಪೀಠದಲ್ಲಿ ಹಳಗನ್ನಡ ಅಕ್ಷರಗಳು. ಮೇಡಂ ಓದಿ ಹೇಳಿದರು: ಮಲ್ಲಿತಮ್ಮ. 13ನೆಯ ಶತಮಾನದ ಶಿಲ್ಪಿಯ ರುಜು. ದಿನವಿಡೀ ಚೆಕ್‌ಗಳ ಮೇಲಿನ ಸಹಿ ತಾಳೆ ನೋಡುವ ನಾನು, ಅದಕ್ಕೂ ಮುಂಚೆ ನಾಲ್ಕು ಬಾರಿ ನೆಂಟರೊಡನೆ ಬಂದು, ಚಿತ್ರಾನ್ನ ತಿಂದು, ಫೋಟೊ ತೆಗೆಸಿಕೊಂಡು ಹೋಗಿದ್ದೆ!

ಇನ್ನು ದೂರುಗಳು. ಅಚ್ಚು ಹಾಕಿಸಿ ಕೊಟ್ಟ ಪಠ್ಯದಲ್ಲಿ ಚಿತ್ರಗಳೆಲ್ಲ ಕಪ್ಪು ಬಿಳುಪು. ಲೇಪಾಕ್ಷಿಯ ಚಾವಣಿ ಚಿತ್ರಗಳು ಮಸಿ ಚೆಲ್ಲಿದಂತಿವೆ. ಅಜಂತಾ ಒಂದೇ ಶನಿವಾರದಲ್ಲಿ ಮುಗಿದುಹೋಯಿತು. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಆದರೆ ಓದಬೇಕಾದ ಪುಸ್ತಕಗಳೆಲ್ಲ ಇಂಗ್ಲಿಷಿನವು. ಪರೀಕ್ಷೆ ಇಟ್ಟದ್ದು ಮಾರ್ಚ್ ಕೊನೆಯ ವಾರ. ಬ್ಯಾಂಕಿನವರಿಗೆ ಆ ವಾರ ಹೇಗಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಬಾದಾಮಿ ಪ್ರವಾಸವನ್ನು ಎರಡು ಸಲ ಮುಂದೂಡಿ ಕೊನೆಗೆ ರದ್ದು ಮಾಡಿದರು. ಕಟ್ಟಿದ ಹಣ ಕೇಳಿದರೆ “ಮುಂದಿನ ವಾರ ಬನ್ನಿ ಸರ್” ಎನ್ನುತ್ತಾರೆ.

ಕಾದು ಸಾಕಾಗಿ ರಾತ್ರಿ ರೈಲು ಹತ್ತಿ ಒಬ್ಬನೇ ಹೋಗಿ ಬಂದೆ. ಮೂರನೆಯ ಗುಹೆ ಚಾಲುಕ್ಯ ಮಂಗಳೇಶ ಮಾಡಿಸಿದ್ದು, 578ರ ಶಾಸನವಿದೆ. ಸೂರಿನ ಒಳಮೈಯಲ್ಲಿ ಉಳಿದಿರುವ ಮಸುಕು ಬಣ್ಣವನ್ನು ಕತ್ತು ನೋಯುವವರೆಗೆ ನೋಡಿದೆ. ಕಾವಲುಗಾರರು ಹತ್ತಿರ ಬಂದು, “ಏನಾದರೂ ಕಳೆದುಕೊಂಡಿರಾ?” ಎಂದರು.

ಸೇರುವವರು ವಾರಕ್ಕೆ ಹತ್ತು ಗಂಟೆಯನ್ನಾದರೂ ಬಿಡುವು ಮಾಡಿಕೊಳ್ಳಬೇಕು. ಪ್ರಮಾಣಪತ್ರಕ್ಕಾಗಿ ಮಾತ್ರವಾದರೆ ಬೇಡ. ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ, ನಾಲ್ಕೂ ಮೇಡಂ ಅವರಿಗೆ. ಐದನೆಯದು ಬಾದಾಮಿಯ ಹಣ ವಾಪಸು ಬಂದ ದಿನ.