ಶೇಕಡಾ ಇಳಿಸಿಕೊಡುತ್ತೇವೆ ಎನ್ನುವವರ ಕೈಗೆ ಥೀಸಿಸ್ ಕೊಡಬೇಡಿ

ಪಿಎಚ್‌ಡಿ ಪ್ರಬಂಧ ಒಪ್ಪಿಸುವ ಹಂತದಲ್ಲಿರುವವರು ದಯವಿಟ್ಟು ಇದನ್ನು ಓದಿ. ಸಿಮಿಲಾರಿಟಿ (ಪ್ರಬಂಧದ ಎಷ್ಟು ಭಾಗ ಬೇರೆ ಬರಹಗಳನ್ನು ಹೋಲುತ್ತದೆ ಎಂದು ತಂತ್ರಾಂಶ ತೋರಿಸುವ ಶೇಕಡಾ) ಇಳಿಸಿ, ಭಾಷೆಯನ್ನೂ ತಿದ್ದಿಕೊಡುತ್ತೇವೆ ಎಂದವರಿಗೆ ನಾನು ಹದಿನೆಂಟು ಸಾವಿರ ಕೊಟ್ಟೆ. ದುಡ್ಡಿನ ಜೊತೆ ಒಂಬತ್ತು ತಿಂಗಳೂ ಹೋಯಿತು.

ನನ್ನ ವಿಷಯ ಶಿವಮೊಗ್ಗ ಜಿಲ್ಲೆಯ ಸೊರಬ ಸೀಮೆಯ ವೀರಗಲ್ಲುಗಳು. ಮೊದಲ ಸಿಮಿಲಾರಿಟಿ ವರದಿಯಲ್ಲಿ ಶೇ 23 ಬಂತು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಂತೆ ಶೇ 10ರವರೆಗೆ ತೊಂದರೆಯಿಲ್ಲ. ಅದನ್ನು ದಾಟಿ 40ರೊಳಗಿದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಒಪ್ಪಿಸಬೇಕು. ಫೆಲೋಶಿಪ್ ಮುಗಿದಿತ್ತು, ಗಾಬರಿಬಿದ್ದೆ. ಕೊಟ್ಟ ಕಡತ ವಾರದಲ್ಲೇ ಶೇ 9 ಆಗಿ ವಾಪಸು ಬಂತು. ಆ ಅಂಕಿ ನೋಡಿ ಎಷ್ಟು ನೆಮ್ಮದಿಯಾಯಿತೆಂದರೆ, ಬಾಕಿಯಿದ್ದ ಉಪಸಂಹಾರವನ್ನು ಅದೇ ಕಡತದಲ್ಲಿ ಬರೆದು, ಹಿಂದಿನ ಅಧ್ಯಾಯಗಳನ್ನು ತಿರುಗಿ ಓದದೆ ಬೈಂಡಿಂಗಿಗೆ ಕೊಟ್ಟುಬಿಟ್ಟೆ.

ಪರೀಕ್ಷಕರೊಬ್ಬರು ಪರಿಷ್ಕರಿಸಿ ಎಂದು ಹಿಂದಿರುಗಿಸಿದಾಗಲೇ ಕಣ್ಣು ತೆರೆದದ್ದು. ಹೋಲುವ ಸಾಲು ಕಂಡಲ್ಲೆಲ್ಲ ಪರ್ಯಾಯ ಪದ ತುರುಕಿದ್ದರು. "ವೀರಗಲ್ಲು" ಹಲವೆಡೆ "ಶೂರಶಿಲೆ" ಆಗಿತ್ತು, "ದತ್ತಿ" "ಕಾಣಿಕೆ"ಯಾಗಿತ್ತು, ಶಾಸನಗಳು "ಕಾಯಿದೆ"ಗಳಾಗಿದ್ದವು. ಇದನ್ನಾದರೂ ಸರಿಪಡಿಸಬಹುದು. ಶಾಸನಪಾಠಕ್ಕೇ ಕೈಹಾಕಿದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹಳಗನ್ನಡದ ಱ, ೞ ಅಕ್ಷರಗಳನ್ನು ತಪ್ಪೆಂದುಕೊಂಡು ರ, ಳ ಮಾಡಿದ್ದರು. ತುಱುಗೊಳ್ (ದನಗಳನ್ನು ಹಿಡಿದೊಯ್ಯು) ಹೋಗಿ ತುರುಗೊಳ್, ಊರೞಿವು (ಊರಿನ ನಾಶ) ಹೋಗಿ ಊರಳಿವು. ಹಳಗನ್ನಡದಲ್ಲಿ ಅಱಿದು ಎಂದರೆ ತಿಳಿದು, ಅರಿದು ಎಂದರೆ ಕತ್ತರಿಸಿ. ಕಾದಾಡಿ ಸತ್ತವನ ಕಲ್ಲಿನ ಮೇಲೆ ಈ ಎರಡು ಕಲಸಿಹೋದರೆ ಅರ್ಥ ಹೇಳುವುದು ಹೇಗೆ? "ಶಾಸನದ ಕಾಲನಿರ್ಣಯಕ್ಕೆ ಆಧಾರವಾಗುವ ಅಕ್ಷರಗಳನ್ನೇ ಸಂಶೋಧಕರು ಅಳಿಸಿದ್ದಾರೆ" ಎಂದು ಪರೀಕ್ಷಕರು ಬರೆದಿದ್ದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಗ್ರಂಥಾಲಯದ ಸರ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳೆಯ ವರದಿಯನ್ನು ತೋರಿಸಿದರು. ಹೋಲಿಕೆಯೆಂದು ಬಣ್ಣ ಬಿದ್ದಿದ್ದ ಭಾಗದಲ್ಲಿ ಹೆಚ್ಚಿನದು ಶಾಸನದ ಉಲ್ಲೇಖ ಮತ್ತು ಗ್ರಂಥಋಣ. ಆಕರ ಹೇಳಿ ಉದ್ಧರಿಸಿದ ಪಾಠವನ್ನೂ ಗ್ರಂಥಸೂಚಿಯನ್ನೂ ಯುಜಿಸಿ ನಿಯಮವೇ ಲೆಕ್ಕದಿಂದ ಹೊರಗಿಟ್ಟಿದೆ. ನಾನು ಉದ್ಧರಣ ಚಿಹ್ನೆ ಹಾಕದೆ ಬರೀ ಒಳಸರಿಸಿ ಟೈಪ್ ಮಾಡಿಸಿದ್ದರಿಂದ ತಂತ್ರಾಂಶಕ್ಕೆ ಅವು ಉಲ್ಲೇಖವೆಂದು ತಿಳಿದಿರಲಿಲ್ಲ. ಚಿಹ್ನೆ ಹಾಕಿ, ಉಲ್ಲೇಖ ಬಿಟ್ಟು ಪರೀಕ್ಷಿಸಿದಾಗ ನನ್ನ ಮೂಲ ಪ್ರತಿಗೆ ಬಂದದ್ದು ಶೇ 8.

ಹಾಗಾಗಿ ಮೊತ್ತದ ಅಂಕಿ ನೋಡಿ ಹೆದರಬೇಡಿ, ಬಣ್ಣ ಬಿದ್ದ ಸಾಲುಗಳನ್ನು ಒಂದೊಂದಾಗಿ ನೋಡಿ. ನಿಜವಾಗಿಯೂ ಬೇರೆಯವರ ವಾಕ್ಯ ನುಸುಳಿದ್ದರೆ ಪುಸ್ತಕ ಮುಚ್ಚಿಟ್ಟು ನಿಮ್ಮ ಮಾತಿನಲ್ಲಿ ಬರೆದು ಆಕರ ಕೊಡಿ. ಭಾಷೆ ತಿದ್ದಿಸಲೇಬೇಕಿದ್ದರೆ ನಿಮ್ಮ ವಿಷಯ ಬಲ್ಲವರಿಗೇ ಕೊಡಿ, ಪ್ರತಿ ತಿದ್ದುಪಡಿಯೂ ಗುರುತಾಗಿ ಕಾಣುವ ಟ್ರ್ಯಾಕ್ ಚೇಂಜಸ್ ಹಾಕಿಯೇ ಕೊಡಿ, ಉಲ್ಲೇಖಗಳನ್ನು ಮುಟ್ಟಕೂಡದೆಂದು ಬರೆದು ಕೊಡಿ. ಮೂಲ ಕಡತವನ್ನು ಬೇರೆಯಾಗಿ ಇಟ್ಟುಕೊಳ್ಳಿ. ನನ್ನ ಹತ್ತಿರ ಅದೊಂದು ಉಳಿದಿದ್ದರಿಂದ, ಈಗ ಶಾಸನಸಂಪುಟಗಳ ಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೇ ಸಂಪುಟ ಪಕ್ಕದಲ್ಲಿಟ್ಟುಕೊಂಡು ಪ್ರತಿ ಶಾಸನವನ್ನೂ ಸಾಲುಸಾಲಾಗಿ ಹೋಲಿಸಿ ನೋಡುತ್ತಿದ್ದೇನೆ. ಮುಂದಿನ ತಿಂಗಳು ಮತ್ತೆ ಒಪ್ಪಿಸಬೇಕು.